ಕೂಗುವ ತೊಟ್ಟಿಲಿನಿಂದ ಕ್ಯಾಲೊರಿ ಆ್ಯಪ್ ಅವರಿಗೆ

ನನ್ನ ಫೋನಿನ ಎರಡನೇ ಪರದೆಯಲ್ಲಿ, ಟಾರ್ಚಿಗೂ ಅಲಾರಂ ಗಡಿಯಾರಕ್ಕೂ ನಡುವೆ, ಹಸಿರು ಎಲೆಯ ಗುರುತು ಹಚ್ಚಿಕೊಂಡು ಬಾಡಿಗೆಯಿಲ್ಲದೆ ವಾಸವಾಗಿರುವ ಕ್ಯಾಲೊರಿ ಲೆಕ್ಕದ ಆ್ಯಪ್ ಅವರ ಸನ್ನಿಧಿಗೆ, ಎತ್ತರದ ಕಟ್ಟಡಗಳ ಗಾಜು ತೊಳೆಯುವ ಮುದುಕಿಯೊಬ್ಬಳು ಸೋಪಿನ ಕೈ ಒರೆಸಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕ್ಷೇಮಕ್ಕೇನು ಕಡಿಮೆ, ತಮಗೆ ಹೊಟ್ಟೆಯೇ ಇಲ್ಲವಲ್ಲ. ದಿನಕ್ಕೊಂದು ಸಲ ಚಾರ್ಜರಿಗೆ ಬಾಯಿ ಕೊಟ್ಟು ತುಂಬುವಷ್ಟು ತುಂಬಿಸಿಕೊಳ್ಳುತ್ತೀರಿ; ಅದರಲ್ಲಿ ಎಷ್ಟು ಗ್ರಾಂ, ಎಷ್ಟು ಚಮಚ, ಕರಿದದ್ದೋ ಬೇಯಿಸಿದ್ದೋ ಎಂದು ಈವರೆಗೆ ಯಾರೂ ತಮ್ಮನ್ನು ಕೇಳಿಲ್ಲ. ಈ ಭಾಗ್ಯ ತಮಗೆ ಹೀಗೇ ಇರಲಿ.

ಮನೆಯ ಮಾತನ್ನು ಬೀದಿಗೆ ತಂದು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಮೊದಲು ತಮಗೇ ಗುಟ್ಟಾಗಿ ತಿಳಿಸೋಣವೆಂದು ತಮ್ಮೊಳಗಿನ ಅಭಿಪ್ರಾಯದ ಕೋಣೆಗೆ ಹೋಗಿದ್ದೆ. ಅಲ್ಲಿ ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ ಒಂದು ಸಾಲು ಮುಖಗಳನ್ನಿಟ್ಟು, ಇದರಲ್ಲಿ ನಿಮ್ಮದು ಯಾವುದು ಒತ್ತಿ ಅಂದಿರಿ. ನನ್ನದು ಅದರಲ್ಲಿರಲಿಲ್ಲ. ನನ್ನದನ್ನು ಬಿಡಿಸುವಷ್ಟು ಕೆಂಪು ಬಣ್ಣ ತಮ್ಮ ಹತ್ತಿರ ಇದ್ದ ಹಾಗೂ ಕಾಣಲಿಲ್ಲ.

ತಾವು ನನ್ನನ್ನು ದಿನಾ ಬೆಳಗ್ಗೆ 'ಚಾಂಪಿಯನ್' ಎಂದು ಕರೆಯುತ್ತೀರಿ. ಆದರೆ ನಾನು ಯಾರೆಂದು ತಮಗೆ ಗೊತ್ತಿಲ್ಲ, ಆದ್ದರಿಂದ ಹೇಳುತ್ತೇನೆ. ಮಗ್ಗಿ ಮುಗಿದು ಭಾಗಾಕಾರ ಶುರುವಾಗುವ ಹೊತ್ತಿಗೆ ಶಾಲೆ ಬಿಟ್ಟವಳು ನಾನು. ಕೋಪದಲ್ಲಿ ಮಾತ್ರ ಮೇಲಿನ ತರಗತಿಗಳನ್ನೆಲ್ಲ ಪಾಸು ಮಾಡಿದ್ದೇನೆ. ನನ್ನ ಕೆಲಸದ ಜಾಗವೆಂದರೆ ಕಟ್ಟಡದ ನೆತ್ತಿಯಿಂದ ಎರಡು ಉಕ್ಕಿನ ಹಗ್ಗಗಳಲ್ಲಿ ಇಳಿಬಿಟ್ಟ, ಸೊಂಟದೆತ್ತರದ ಕಂಬಿಯಿರುವ ಒಂದು ಉದ್ದನೆಯ ಹಲಗೆ. ಕಂಪನಿಯವರು ಅದಕ್ಕೆ ಏನೋ ದೊಡ್ಡ ಹೆಸರು ಇಟ್ಟಿದ್ದಾರೆ. ನಾವು ತೊಟ್ಟಿಲು ಅನ್ನುತ್ತೇವೆ. ನಾವು ಅಂದರೆ ನಾನು ಮತ್ತು ನನ್ನ ವಾರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ಒಂದೇ ಅಡುಗೆಮನೆಯಲ್ಲಿ ಅರ್ಧ ದಿನ ಕಳೆದರೆ ಪಾತ್ರೆ ಹಾರುವ ಸಂಬಂಧ ಇದು. ಅಂಥ ನಾವಿಬ್ಬರೂ, ಮುನಿಸಿಕೊಂಡು ಎದ್ದು ಹೋಗೋಣವೆಂದರೆ ಬಾಗಿಲೂ ಇಲ್ಲದ, ಕಾಲಿಡಲು ನೆಲವೂ ಇಲ್ಲದ ಜಾಗದಲ್ಲಿ ಅರ್ಧ ಆಯಸ್ಸು ಒಟ್ಟಿಗೆ ನಿಂತಿದ್ದೇವೆ. ಅವಳು ಎಡದಿಂದ ರಬ್ಬರಿನ ಪಟ್ಟಿ ಎಳೆದುಕೊಂಡು ಬರುತ್ತಾಳೆ, ನಾನು ಬಲದಿಂದ ಬರುತ್ತೇನೆ, ನಡುವೆ ಎರಡೂ ಸೇರುವ ಕಡೆ ಕೂದಲೆಳೆಯಷ್ಟು ಗೆರೆ ಕೂಡ ಉಳಿಯುವುದಿಲ್ಲ.

ಈಗ ಒಂದು ವಿಚಾರ ಹೇಳುತ್ತೇನೆ, ಇದನ್ನು ತಾವು ಯಾವ ಪಟ್ಟಿಯಲ್ಲಿ ಬೇಕಾದರೂ ಸೇರಿಸಿಕೊಳ್ಳಿ. ನನ್ನ ವಾರಗಿತ್ತಿಗೆ ಎತ್ತರವೆಂದರೆ ಪ್ರಾಣಭಯ. ಕೆಲಸಕ್ಕೆ ಬಂದ ಮೊದಲ ದಿನ ಮೂರನೇ ಮಹಡಿಯಲ್ಲೇ ಕಂಬಿ ಅಪ್ಪಿಕೊಂಡು ಕಣ್ಣು ಮುಚ್ಚಿ ನಿಂತುಬಿಟ್ಟಿದ್ದಳು. ನಾನು ಸುಮ್ಮನಿರುವ ಜಾತಿಯಲ್ಲ. "ನಿನ್ನ ಗಂಡ ನಿನ್ನನ್ನ ಇಲ್ಲಿ ಒಣಗಿಹಾಕೋಕೆ ಕಳಿಸಿದ್ದಾನಾ? ಕಣ್ಣು ಬಿಡು, ಕೈ ಆಡಿಸು, ಗಾಜಿಗೆ ಮೂಗು ಒರೆಸಬೇಡ!" ಎಂದು ಶುರು ಮಾಡಿದವಳು ಇಳಿಯುವ ತನಕ ಬಾಯಿ ಮುಚ್ಚಲಿಲ್ಲ. ಬೈಸಿಕೊಳ್ಳುವ ಸಿಟ್ಟಿನಲ್ಲಿ ಅವಳು ನನ್ನ ಕಡೆಯೇ ನೋಡಿದಳು, ಕೆಳಗೆ ನೋಡಲಿಲ್ಲ. ಅಂದಿನಿಂದ ಅದೇ ನಮ್ಮ ಪದ್ಧತಿ. ನಾನು ಬಯ್ಯುತ್ತಿದ್ದರೆ ಅವಳ ಕೈ ನಡುಗುವುದಿಲ್ಲ. ನಾನು ಒಂದು ನಿಮಿಷ ನಿಲ್ಲಿಸಿದರೆ, "ಅಕ್ಕಾ, ಏನಾದ್ರೂ ಅನ್ನು, ಕೆಳಗಡೆ ಕಾಣ್ತಿದೆ" ಅನ್ನುತ್ತಾಳೆ. ಬೇರೆಯವರ ಜೊತೆ ಅವಳು ಮೇಲೆ ಹೋಗಿದ್ದು ಒಂದೇ ಸಲ, ನನಗೆ ಜ್ವರ ಬಂದಿದ್ದಾಗ. ಆ ಇನ್ನೊಬ್ಬಾಕೆ ಬಹಳ ಮರ್ಯಾದಸ್ಥೆಯಂತೆ, ಒಂದು ಗಟ್ಟಿ ಮಾತು ಆಡಲಿಲ್ಲವಂತೆ. ಇವಳನ್ನು ನಾಲ್ಕನೇ ಮಹಡಿಯ ಕಿಟಕಿಯಿಂದ ಒಳಗೆಳೆದುಕೊಳ್ಳಬೇಕಾಯಿತು.

ಹೀಗಿರುವಾಗ ಕಂಪನಿ ಹೊಸ ತೊಟ್ಟಿಲು ತರಿಸಿತು. ಅದರ ನೆಲದಡಿ ತಕ್ಕಡಿ ಇದೆ. ಹೊರೆ ಮಿತಿ ಮೀರಿದರೆ ಅದು ಮೇಲೇಳುವುದಿಲ್ಲ, ಕೂಗುತ್ತದೆ. ಆ ಕೂಗನ್ನು ಬಣ್ಣಿಸಲು ನನಗೆ ಓದು ಸಾಲದು; ಬಾಲ ತುಳಿಸಿಕೊಂಡ ಬೆಕ್ಕಿಗೆ ಮೈಕು ಕೊಟ್ಟ ಹಾಗೆ ಎಂದು ತಿಳಿಯಿರಿ. ನಾವಿಬ್ಬರೂ ಬಕೆಟ್ ಸಮೇತ ಮೊದಲ ಸಲ ಹತ್ತಿ ನಿಂತ ದಿನ ಅದು ಹಾಗೆ ಕೂಗಿತು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿದರು, ಎದುರಿನ ಕಚೇರಿಯವರು ಕಾಫಿ ಲೋಟ ಹಿಡಿದುಕೊಂಡೇ ಕಿಟಕಿಗೆ ಬಂದರು, ಔಷಧಿ ಅಂಗಡಿಯವನು ಹೊರಗೆ ಓಡಿಬಂದು ಯಾರಿಗೆ ಏನಾಯಿತು ಎಂದು ಕೇಳಿದ. ನಮ್ಮ ಸುರಕ್ಷತೆ ನೋಡಿಕೊಳ್ಳುವವನು ಒಬ್ಬನಿದ್ದಾನೆ, ಹಳದಿ ಟೋಪಿ ಎಂದೇ ನಾವು ಕರೆಯುವುದು. ಅವನು ಪರದೆ ನೋಡಿ ಗಟ್ಟಿಯಾಗಿ ಓದಿದ: ಐದು ಕೆ.ಜಿ. ಹೆಚ್ಚು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಕಡಿಮೆ ಮಾಡೋಣ ಅಂದೆ. "ಅಮ್ಮಾ, ನೀರು ನಿಯಮದಲ್ಲಿದೆ. ನೀವು ನಿಯಮದಲ್ಲಿಲ್ಲ" ಅಂದ.

ನಮಗೆ ಅವನು ಕೊಟ್ಟ ಗಡುವು ಬೇಸಿಗೆಯ ಕೊನೆ. ಆಗ ನದಿಯ ಪಕ್ಕದ ನೀಲಿ ಗಾಜಿನ ಕಟ್ಟಡದ ಕೆಲಸ ಶುರುವಾಗುತ್ತದೆ, ಅದಕ್ಕೆ ಹೊಸ ತೊಟ್ಟಿಲೇ ಆಗಬೇಕು. ಅಷ್ಟರಲ್ಲಿ ಇಬ್ಬರೂ ಸೇರಿ ಐದು ಕೆ.ಜಿ. ಇಳಿದರೆ ಸರಿ, ಇಲ್ಲವಾದರೆ ನಾನು ಕೆಳಗೆ ಗಾಜಿನ ಬಾಗಿಲು ಒರೆಸುವುದು, ವಾರಗಿತ್ತಿ ತರಬೇತಿಯಲ್ಲಿದ್ದ ಒಬ್ಬ ಹೊಸಬಳ ಜೊತೆ ಮೇಲೆ ಹೋಗುವುದು. ಅಲ್ಲಿಯವರೆಗೆ ಗಿಡ್ಡ ಕಟ್ಟಡಗಳಲ್ಲಿ ಹಳೆಯ ತೊಟ್ಟಿಲು. ಆ ಹೊಸಬಳನ್ನು ನೋಡಿದೆ. ಛತ್ರಿಯ ಕಡ್ಡಿಯ ಹಾಗಿದ್ದಳು. ನನಗೂ ಕೈಮುಗಿದಳು, ಬಕೆಟ್ಟಿಗೂ ದಾರಿ ಬಿಟ್ಟಳು. ಬಯ್ಯುವುದು ಅವಳ ರಕ್ತದಲ್ಲೇ ಇರಲಿಲ್ಲ. ಪಕ್ಕದಲ್ಲಿ ನೋಡಿದರೆ ನನ್ನ ವಾರಗಿತ್ತಿಯ ಮುಖ ಆಗಲೇ ಸೋಪಿನ ನೊರೆಯ ಬಣ್ಣಕ್ಕೆ ತಿರುಗಿತ್ತು. ಅವಳು ಈ ಕೆಲಸ ಬಿಟ್ಟರೆ ಬೇರೆ ಕೆಲಸ ಸಿಗುವ ವಯಸ್ಸು ದಾಟಿದೆ ಎಂಬುದು ನನಗೆ ಗೊತ್ತು, ಅವಳಿಗೆ ಇನ್ನೂ ಚೆನ್ನಾಗಿ ಗೊತ್ತು.

ಆಗಲೇ, ಮಾನ್ಯರೇ, ತಾವು ನಮ್ಮ ಮನೆಗೆ ದಯಮಾಡಿಸಿದ್ದು. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಸೊಸೆ ತಮ್ಮನ್ನು ನನ್ನ ಫೋನಿಗೆ ಇಳಿಸಿದಳು. ವಯಸ್ಸು, ಎತ್ತರ ಬರೆದುಕೊಂಡು ತೂಕದ ಹತ್ತಿರ ಬಂದಾಗ, "ಅತ್ತೆ, ನಿಜ ಹೇಳಿ" ಅಂದಳು. ಹೇಳಿದೆ. "ಅತ್ತೆ, ಇನ್ನೊಂದ್ಸಲ ನಿಜ ಹೇಳಿ" ಅಂದಳು. ಹೀಗೆ ಎರಡು ನಿಜಗಳಲ್ಲಿ ದೊಡ್ಡದನ್ನು ಪಡೆದುಕೊಂಡು ತಾವು ಒಂದು ಸುತ್ತು ತಿರುಗಿ ನನ್ನ ಭವಿಷ್ಯ ನುಡಿದಿರಿ: ಸೋಮವಾರದಿಂದ ಶುಕ್ರವಾರದವರೆಗೆ ಬಿಗಿ ಮಿತಿ, ಆ ದಿನಗಳಲ್ಲಿ ತಿನ್ನದೆ ಉಳಿಸಿದ್ದನ್ನು ಶನಿವಾರ, ಭಾನುವಾರ ಸಂತೋಷದಿಂದ ಖರ್ಚು ಮಾಡಬಹುದು. ಇದನ್ನು ಓದಿದಾಗ ತಮ್ಮ ಮೇಲೆ ನನಗೆ ನಿಜಕ್ಕೂ ಗೌರವ ಮೂಡಿತು. ವಾರವಿಡೀ ಅರೆಹೊಟ್ಟೆ, ಶನಿವಾರ ಕ್ರೀಮ್ ಕೇಕು. ಇಷ್ಟು ಸರಳ ಸತ್ಯವನ್ನು ಜಗತ್ತು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿತ್ತು ಅನ್ನಿಸಿತು.

ಇಬ್ಬರೂ ಪಥ್ಯ ಮಾಡುವ ಮಾತು ಬಂದಾಗ ಬೇಡವೆಂದವಳು ನಾನೇ. ತಕ್ಕಡಿ ನೋಡುವುದು ಒಟ್ಟು ತೂಕವನ್ನು, ಐದು ಕೆ.ಜಿ. ನನ್ನಿಂದ ಹೋದರೇನು, ಅವಳಿಂದ ಹೋದರೇನು? ಒಬ್ಬರ ಹೊಟ್ಟೆ ಸುಡುವುದು ಸಾಕಾಗಿರುವಾಗ ಇಬ್ಬರದ್ದು ಯಾಕೆ? ಮೈಯಲ್ಲಿ ದೊಡ್ಡವಳು ನಾನು, ಸಂಬಂಧದಲ್ಲೂ ದೊಡ್ಡವಳು ನಾನು. ಆದ್ದರಿಂದ ಇಳಿಯುವವಳು ನಾನು ಎಂದು ತೀರ್ಪು ಕೊಟ್ಟೆ. "ನೀನು ಎಂದಿನ ಹಾಗೆ ತಿನ್ನು, ಮಧ್ಯೆ ತಲೆ ಹಾಕಬೇಡ" ಅಂದೆ. ನನ್ನ ಮಾತಿಗೆ ಎದುರಾಡುವ ಅಭ್ಯಾಸ ಅವಳಿಗಿಲ್ಲ.

ತಮ್ಮ ಸೇವೆಯ ವೈಖರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬೆಳಗಿನ ಬ್ರೆಡ್ಡಿಗೆ ಬೆಣ್ಣೆ ಸವರಿದರೆ, ತೆಳುವೋ ದಪ್ಪವೋ ಎಂದು ಕೇಳುತ್ತೀರಿ. ತೆಳು ಎಂದರೆ, ಖಚಿತವೇ ಎಂದು ಮತ್ತೆ ಕೇಳುತ್ತೀರಿ. ನನ್ನ ಗಂಡ ಮದುವೆಯಾದ ದಿನದಿಂದ ನನ್ನ ತಟ್ಟೆಯೊಳಗೆ ಇಣುಕಿದವನಲ್ಲ. ಇಣುಕಿದ್ದರೆ ಅವನ ಮೂಗು ಈಗಿರುವ ಜಾಗದಲ್ಲಿ ಇರುತ್ತಿರಲಿಲ್ಲ. ತಮಗೆ ಆ ಅಧಿಕಾರ ಕೊಟ್ಟೆ. ಬೇಯಿಸಿದ ಆಲೂಗಡ್ಡೆಯ ಚಿತ್ರ ತೆಗೆದು ತೋರಿಸಿದರೆ ಅದು ಮೊಟ್ಟೆ ಎಂದಿರಿ. ಮೊಟ್ಟೆ ತೋರಿಸಿದರೆ ಈರುಳ್ಳಿ ಎಂದಿರಿ. ಒಂದು ಸಲ ಅಪ್ಪಿತಪ್ಪಿ ನನ್ನ ಮೊಣಕಾಲಿನ ಚಿತ್ರ ಬಿದ್ದಾಗ ಮಾತ್ರ ಬಹಳ ವಿಶ್ವಾಸದಿಂದ ಬ್ರೆಡ್ ಎಂದು ಗುರುತಿಸಿ, ಅದನ್ನು ಮಧ್ಯಾಹ್ನದ ಊಟಕ್ಕೆ ಸೇರಿಸಿ, ನಾರಿನಂಶ ಹೆಚ್ಚಿದೆ ಎಂದು ನನ್ನನ್ನು ಅಭಿನಂದಿಸಿದಿರಿ.

ತೋಳು ಕಳಚಿ ಬೀಳುವ ಹಾಗೆ ಇಡೀ ದಿನ ಗಾಜು ಉಜ್ಜಿ ಇಳಿದು ಬಂದರೆ, "ಇಂದು ನೀವು ಹೆಚ್ಚು ಚಲಿಸಿಲ್ಲ, ಸ್ವಲ್ಪ ಎದ್ದು ಓಡಾಡೋಣವೇ?" ಅನ್ನುತ್ತಿದ್ದಿರಿ. ತೊಟ್ಟಿಲಿನ ಮೇಲೆ ಎದ್ದು ಓಡಾಡಿದವರು ಒಬ್ಬರಿದ್ದರು, ಈಗ ಇಲ್ಲ. ಅದೇ ತಾವು, ಮೋಟಾರು ನಮ್ಮನ್ನು ಎತ್ತಿಕೊಂಡು ಮೇಲೆ ಹೋದ ದಿನ, ನಾನು ಮೆಟ್ಟಿಲು ಹತ್ತಿದೆನೆಂದು ಭ್ರಮಿಸಿ ಪಟಾಕಿ ಹಾರಿಸಿ, ಬಹುಮಾನವಾಗಿ ಹೆಚ್ಚಿನ ಕ್ಯಾಲೊರಿ ದಯಪಾಲಿಸಿದಿರಿ. ಅದನ್ನು ಹಿಂದಿರುಗಿಸುವಷ್ಟು ದೊಡ್ಡತನ ನನ್ನಲ್ಲಿರಲಿಲ್ಲ. ಬಿಸ್ಕತ್ತಿನಲ್ಲಿ ಮುಗಿಸಿದೆ.

ಶನಿವಾರ ಬಂತೆಂದರೆ ತಮ್ಮ ಉದಾರತೆಗೆ ಎಲ್ಲೆಯಿಲ್ಲ. ಬೆಳಗ್ಗೆ ಎದ್ದರೆ ಪರದೆಯ ತುಂಬ ಬಣ್ಣದ ಚೂರುಗಳು ಉದುರುತ್ತವೆ: ನೀವು ಗಳಿಸಿದ್ದೀರಿ, ಆನಂದಿಸಿ! ನಾನೂ ವಾರಗಿತ್ತಿಯೂ ಕೈಕೈ ಹಿಡಿದುಕೊಂಡು ಮೂಲೆಯ ಬೇಕರಿಗೆ ಹೋಗುತ್ತಿದ್ದೆವು. ಆ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಕೇಕಿನ ಮೇಲೆ ಕ್ರೀಮು ಹೇಗೆ ಕುಳಿತಿರುತ್ತದೆಂದರೆ, ಐದು ದಿನ ಬೇಯಿಸಿದ ಎಲೆಕೋಸು ತಿಂದವಳ ಕಣ್ಣಲ್ಲಿ ನೀರು ಬರಬೇಕು. ಮೊದಲ ವಾರ ಬಂತು ಕೂಡ. ಬೇಕರಿಯವಳು, "ಯಾರಾದ್ರೂ ಹೋಗಿಬಿಟ್ರಾ ಅಮ್ಮಾ?" ಎಂದು ಕೇಳಿ ಒಂದು ಚಮಚ ಕ್ರೀಮು ಹೆಚ್ಚಿಗೆ ಹಾಕಿದಳು. ಆಮೇಲೆ ಪ್ರತಿ ಶನಿವಾರ ನಾನು ಮುಖ ಸಪ್ಪಗೆ ಮಾಡಿಕೊಂಡೇ ಒಳಗೆ ಹೋಗುತ್ತಿದ್ದೆ. ಭಾನುವಾರ ಸಂಜೆಯಾಗುತ್ತಲೇ ತಮ್ಮ ದನಿ ಬದಲಾಗುತ್ತದೆ. ನೆಂಟರ ಮನೆಯಲ್ಲಿ ಎರಡನೇ ದಿನದ ಊಟಕ್ಕೆ ಕರೆಯುವ ದನಿಯ ಹಾಗೆ. ಸೋಮವಾರ ತಕ್ಕಡಿ ಒಂದು ಕೆ.ಜಿ. ಮೇಲೆ ಹೋದರೆ, ಗಾಬರಿ ಬೇಡ, ಅದು ದೇಹದಲ್ಲಿ ನಿಂತ ನೀರು ಅನ್ನುತ್ತೀರಿ. ನೀರು ನಿಯಮದಲ್ಲಿದೆ ಎಂದು ಹಳದಿ ಟೋಪಿ ಹೇಳಿದ್ದನಲ್ಲ, ಈ ಒಂದು ಕೆ.ಜಿ.ಯೂ ಬರೀ ನೀರೇ ಎಂದು ಅವನಿಗೆ ತಾವೇ ಒಂದು ಸಾಲು ಬರೆದು ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

ಇಷ್ಟಾದರೂ, ಒಪ್ಪಿಕೊಳ್ಳಬೇಕಾದದ್ದು ಒಪ್ಪಿಕೊಳ್ಳಬೇಕು: ನಾನು ಇಳಿದೆ. ಬಳೆಗಳು ಸಡಿಲವಾದವು, ಕೆಲಸದ ಪ್ಯಾಂಟಿಗೆ ಹಗ್ಗ ಬಿಗಿಯಬೇಕಾಯಿತು, ಕನ್ನಡಿಯಲ್ಲಿ ನನ್ನ ತಾಯಿಯ ದವಡೆ ಕಾಣಿಸತೊಡಗಿತು. ಹಸಿವಿನಿಂದ ನನ್ನ ನಾಲಿಗೆಗೆ ಎಂಥ ಸಾಣೆ ಸಿಕ್ಕಿತೆಂದರೆ, ವಾರಗಿತ್ತಿ ಅಷ್ಟು ನಿಶ್ಚಿಂತೆಯಾಗಿ ಎಂದೂ ಕೆಲಸ ಮಾಡಿರಲಿಲ್ಲ. "ಅಕ್ಕಾ, ನೀನು ಹೊಟ್ಟೆ ತುಂಬಿದಾಗ ಬಯ್ಯೋದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ, ಮನೆಯಲ್ಲೇ ನಿಂತ ಹಾಗಿದೆ" ಅಂದಳು. ಬೇಸಿಗೆ ಮುಗಿಯುವಷ್ಟರಲ್ಲಿ ನಾನು ಪೂರಾ ಐದು ಕೆ.ಜಿ. ಕಳೆದಿದ್ದೆ. ತೂಕ ನೋಡುವ ದಿನ ಬೆಳಗ್ಗೆ ತಾವು ಚಿನ್ನದ ಪದಕ ಕಳಿಸಿದಿರಿ. ಗುರಿ ಮುಟ್ಟಿದ್ದೀರಿ, ನಿಮ್ಮನ್ನು ತಡೆಯುವವರಿಲ್ಲ ಎಂದಿರಿ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಅದನ್ನು ತೋರಿಸಿದೆ.

ಕಂಪನಿಯ ಅಂಗಳದಲ್ಲಿ ಹೊಸ ತೊಟ್ಟಿಲು ಹತ್ತಿ ನಿಂತೆವು. ಅದು ಕೂಗಿತು.

ಹಳದಿ ಟೋಪಿ ಪರದೆ ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆ ನೋಡಿದ. ಐದು ಕೆ.ಜಿ. ಹೆಚ್ಚು. ಯಂತ್ರ ಕೆಟ್ಟಿದೆ ಅಂದೆ, ಅವನ ತಲೆ ಕೆಟ್ಟಿದೆ ಅಂದೆ, ಅವನ ಟೋಪಿಯ ಬಣ್ಣದ ಬಗ್ಗೆಯೂ ಏನೋ ಅಂದೆ. ಅವನು ತಾಳ್ಮೆಯಿಂದ, ಒಬ್ಬೊಬ್ಬರಾಗಿ ಹತ್ತಿ ಅಂದ. ನಾನು ಹತ್ತಿದೆ: ಮೊದಲಿಗಿಂತ ಐದು ಕಡಿಮೆ. ನನ್ನ ವಾರಗಿತ್ತಿ ಹತ್ತಿದಳು. ಮೊದಲಿಗಿಂತ ಐದು ಹೆಚ್ಚು.

ಮಾನ್ಯರೇ, ತೊಟ್ಟಿಲಿನ ಒಂದು ಪದ್ಧತಿ ತಮಗೆ ಗೊತ್ತಿಲ್ಲ, ಗೊತ್ತಾಗುವ ಹಾಗೂ ಇಲ್ಲ, ಏಕೆಂದರೆ ತಾವು ನನ್ನ ಜೇಬಿನಲ್ಲಿ ಬಟನ್ ಹಾಕಿಸಿಕೊಂಡು ಕತ್ತಲಲ್ಲಿರುತ್ತೀರಿ. ಮೇಲೆ ಜಾಗ ಕಡಿಮೆ, ಆದ್ದರಿಂದ ಇಬ್ಬರಿಗೂ ಸೇರಿ ಒಂದೇ ಊಟದ ಡಬ್ಬಿ. ಡಬ್ಬಿ ಖಾಲಿಯಾಗಿಯೇ ಕೆಳಗಿಳಿಯಬೇಕು. ಉಳಿದದ್ದು ಗಾಳಿಗೆ ಹಾರಿ ಬೀದಿಯಲ್ಲಿ ಹೋಗುವವರ ತಲೆಯ ಮೇಲೆ ಬಿದ್ದರೆ ಕೆಲಸ ಹೋಗುತ್ತದೆ. ನಾನು ಡಬ್ಬಿ ತುಂಬುವುದನ್ನು ಬಿಡಲಿಲ್ಲ, ಕೈ ರೂಢಿ. ತಿನ್ನುವುದನ್ನು ಮಾತ್ರ ತಮ್ಮ ಅಪ್ಪಣೆಯಂತೆ ಕಡಿಮೆ ಮಾಡಿದೆ. ನಾನು ಬಿಟ್ಟ ಒಂದೊಂದು ಆಲೂಗಡ್ಡೆಯೂ ಎಲ್ಲಿಗೆ ಹೋಯಿತು? ನಾನು ಬಿಡುತ್ತಿದ್ದೆ, ತಾವು ಶಹಭಾಸ್ ಅನ್ನುತ್ತಿದ್ದಿರಿ, ಅವಳು ತಿನ್ನುತ್ತಿದ್ದಳು. "ನಿನ್ನ ಕಣ್ಮುಂದೆ ಇದ್ರೆ ನಿನಗೆ ಆಸೆ ಆಗುತ್ತೆ ಅಂತ ಬೇಗ ಬೇಗ ಮುಗಿಸ್ತಿದ್ದೆ ಅಕ್ಕಾ" ಎಂದು ತೊಟ್ಟಿಲಲ್ಲೇ ಅಳತೊಡಗಿದಳು. "ಕೆಲವು ದಿನ ಹಸಿವೇ ಇರ್ತಿರಲಿಲ್ಲ. ನಿನಗೋಸ್ಕರ ಅಂತ ನುಂಗಿದೆ." ನನಗೋಸ್ಕರ ಯಾರೂ ಇಷ್ಟು ತಿಂದದ್ದಿಲ್ಲ. ನನ್ನ ಮೈಯಿಂದ ಹೊರಟ ಐದು ಕೆ.ಜಿ. ಎಲ್ಲೂ ಹೋಗಿರಲಿಲ್ಲ, ನಾಲ್ಕು ಹೆಜ್ಜೆ ದೂರದಲ್ಲಿ, ಅದೇ ಹಲಗೆಯ ಎಡತುದಿಯಲ್ಲಿ, ಹೆಲ್ಮೆಟ್ಟು ಹಾಕಿಕೊಂಡು ನಿಂತಿತ್ತು.

ನಾನು ಬಯ್ಯಲು ಬಾಯಿ ತೆರೆದೆ. ಅವಳನ್ನು ನೋಡಿದೆ, ಛತ್ರಿಯ ಕಡ್ಡಿಯಂಥ ಹೊಸಬಳು ದೂರದಲ್ಲಿ ಕೈಗವಸು ಹಾಕಿಕೊಳ್ಳುತ್ತಿದ್ದದ್ದನ್ನು ನೋಡಿದೆ, ಆ ನೀಲಿ ಕಟ್ಟಡದ ನಾಲ್ಕನೇ ಮಹಡಿಯ ಕಿಟಕಿ ತೆರೆಯುವ ಬಗೆಯದ್ದೋ ಅಲ್ಲವೋ ಎಂದು ಯೋಚಿಸಿದೆ. ಅಲ್ಲವಂತೆ, ಆಮೇಲೆ ವಿಚಾರಿಸಿದೆ. ಜೇಬಿನೊಳಗಿಂದ ತಾವು ಟಿಣ್ ಎಂದು, ಪದಕವನ್ನು ಗೆಳೆಯರೊಂದಿಗೆ ಹಂಚಿಕೊಳ್ಳುವಿರಾ ಎಂದು ಕೇಳಿದಿರಿ.

ಹಳದಿ ಟೋಪಿ ಅಂದುಕೊಂಡಷ್ಟು ಕೆಟ್ಟವನಲ್ಲ, ಅಥವಾ ನಾವು ಇಬ್ಬರೂ ಬಾಯಿ ಮುಚ್ಚಿ ನಿಂತದ್ದನ್ನು ಕಂಡು ಹೆದರಿದನೋ ಏನೋ. ಹೊಸಬಳ ತರಬೇತಿಯಲ್ಲಿ ಇನ್ನೂ ಎರಡು ತಿಂಗಳು ಬಾಕಿಯಿದೆ, ಅಷ್ಟು ದಿನ ನೀಲಿ ಕಟ್ಟಡಕ್ಕೆ ಬೇರೆ ಜೋಡಿಯನ್ನು ಕಳಿಸುತ್ತೇನೆ, ಆಮೇಲೆ ಇನ್ನೊಂದೇ ಸಲ ಹತ್ತಿಸಿ ನೋಡುತ್ತೇನೆ ಅಂದ.

ಅಂದಿನಿಂದ ನಮ್ಮ ಡಬ್ಬಿಯ ಕಾನೂನು ಬದಲಾಯಿತು. ಮೊದಲನೆಯದಾಗಿ ಡಬ್ಬಿಯೇ ಚಿಕ್ಕದು. ಎರಡನೆಯದಾಗಿ ಅದರ ನಡುವೆ ಒಂದು ಗೆರೆ. ಗೆರೆಯ ಈಚೆಗಿನದು ನನಗೆ, ಆಚೆಗಿನದು ಅವಳಿಗೆ. ಯಾರೂ ಯಾರಿಗೋಸ್ಕರವೂ ಬಿಡುವಂತಿಲ್ಲ, ಯಾರೂ ಯಾರಿಗೋಸ್ಕರವೂ ನುಂಗುವಂತಿಲ್ಲ. ಶನಿವಾರದ ಕೇಕು ಒಂದು ತುಂಡು, ಚಮಚ ಎರಡು. ಕ್ರೀಮಿನ ಬದಿ ಯಾರಿಗೆ ಎಂಬ ವಿಷಯದಲ್ಲಿ ನಾವು ಬೇಕರಿಯಲ್ಲಿ ಹೇಗೆ ಕಿತ್ತಾಡುತ್ತಿದ್ದೆವೆಂದರೆ, ಅಮ್ಮಂದಿರಾ ಹೊರಗೆ ಕೂತು ತಿನ್ನಿ ಎಂದು ಬೇಕರಿಯವಳು ಎರಡು ಕುರ್ಚಿಯನ್ನೇ ಬೀದಿಗೆ ಹಾಕಿಕೊಟ್ಟಳು. ಅವಳ ದುಃಖದ ಕ್ರೀಮು ಅಲ್ಲಿಗೆ ನಿಂತಿತು.

ಈ ಹೊಸ ಏರ್ಪಾಡು ತಮಗೆ ಹಿಡಿಸಲಿಲ್ಲ. ಅರ್ಧ ಡಬ್ಬಿ ಎಂದರೆ ತಾವು ನನಗೆ ಗೊತ್ತುಮಾಡಿದ ಮಿತಿಗಿಂತ ಸ್ವಲ್ಪ ಹೆಚ್ಚು. ಮಂಗಳವಾರ ಕೆಂಪು, ಬುಧವಾರ ಕೆಂಪು. ನೀವು ದಾರಿ ತಪ್ಪುತ್ತಿದ್ದೀರಿ. ನಿಮ್ಮ ಪದಕ ಅಪಾಯದಲ್ಲಿದೆ. ನಿಮಗೆ ಪ್ರೇರಣೆ ಬೇಕೆ? ನನಗೆ ಒಂದು ಕೆ.ಜಿ. ಮರಳಿ ಬಂದಾಗ ತಾವು ಹಸಿರು ಎಲೆಯನ್ನು ಒಣಗಿಸಿಬಿಟ್ಟಿರಿ. ಪರದೆಯ ಮೂಲೆಯಲ್ಲಿ ಅದು ಬಾಡಿ ನೇತಾಡುವುದನ್ನು ನೋಡಿ ಸೊಸೆ ನೀರು ಹಾಕಬೇಕೇನೋ ಎಂದು ಹುಡುಕಿದಳು. ಅತ್ತ ವಾರಗಿತ್ತಿಯ ಕಡೆ ಏನಾಗುತ್ತಿದೆ ಎಂದು ತಾವು ಒಂದು ಮಾತು ಕೇಳಲಿಲ್ಲ. ಕೇಳಲು ತಮ್ಮಲ್ಲಿ ಖಾನೆಯೇ ಇಲ್ಲ. ಬೆಳಗಿನ ತಿಂಡಿಗೆ ಖಾನೆಯಿದೆ, ನಡುವಿನ ಕುರುಕಲಿಗೆ ಖಾನೆಯಿದೆ, ಜೊತೆಯಲ್ಲಿ ತಿನ್ನುವವರಿಗೆ ಖಾನೆಯಿಲ್ಲ. ಜಗತ್ತಿನಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿಕೊಂಡು ಒಬ್ಬೊಬ್ಬರೇ ಉಣ್ಣುತ್ತಾರೆಂದು ತಮಗೆ ಯಾರು ಹೇಳಿದರೋ ಕಾಣೆ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ವಿನಮ್ರ ಬೇಡಿಕೆಗಳಿವೆ. ಇಬ್ಬರು ವಾರಗಿತ್ತಿಯರಿಗೆ ಒಂದೇ ಹೊಟ್ಟೆ ಎಂದು ದಾಖಲಿಸಿಕೊಳ್ಳುವ ವ್ಯವಸ್ಥೆಯನ್ನು ಕೂಡಲೇ ಮಾಡಬೇಕು. ಬಯ್ಯುವುದನ್ನು ವ್ಯಾಯಾಮಗಳ ಪಟ್ಟಿಯಲ್ಲಿ ಈಜಿಗಿಂತ ಮೇಲೆ, ಗಟ್ಟಿಯಾಗಿ ಮತ್ತು ಮೆತ್ತಗೆ ಎಂಬ ಎರಡು ಬಗೆಯೊಂದಿಗೆ ಸೇರಿಸಬೇಕು. ಬುಧವಾರ ಯಾರಿಗೂ ಬೇಕಾಗಿಲ್ಲದ ದಿನವಾದ್ದರಿಂದ ಅದನ್ನು ತೆಗೆದುಹಾಕಿ ಆ ಜಾಗದಲ್ಲಿ ಇನ್ನೊಂದು ಶನಿವಾರ ಇಡಬೇಕು. ಇಷ್ಟು ಸಾಧ್ಯವಾಗದಿದ್ದರೆ, ತಾವೇ ಒಂದು ದಿನ ಹೊಟ್ಟೆಯೊಂದನ್ನು ಕಟ್ಟಿಕೊಂಡು ನಮ್ಮ ಜೊತೆ ಮೇಲೆ ಬಂದು, ಮಧ್ಯಾಹ್ನದ ಬಿಸಿಲಲ್ಲಿ ನಿಂತು, ಬೇಯಿಸಿದ ಅರ್ಧ ಮೊಟ್ಟೆಯನ್ನು ಆನಂದಿಸಬೇಕು.

ನಿನ್ನೆ ಎರಡು ತಿಂಗಳು ಮುಗಿಯಿತು. ಬೆಳಗ್ಗೆ ತಾವು ಕಳಿಸಿದ ಸಂದೇಶ: ನೀವು ಗುರಿಯಿಂದ ದೂರ ಸರಿದಿದ್ದೀರಿ, ಮೊದಲಿನಿಂದ ಶುರು ಮಾಡೋಣವೇ? ಅದನ್ನು ಯಾರಿಗೂ ತೋರಿಸಲಿಲ್ಲ. ನೀಲಿ ಕಟ್ಟಡದ ಬುಡದಲ್ಲಿ ಬೂಟು ಬಿಗಿದುಕೊಂಡು ತೊಟ್ಟಿಲು ಹತ್ತಿದೆ. ಅವಳೂ ಹತ್ತಿದಳು. ಇಬ್ಬರೂ ಉಸಿರು ಬಿಗಿಹಿಡಿದೆವು; ಉಸಿರಿಗೂ ತೂಕವಿರಬಹುದೆಂದು ಅವಳು ಮೊದಲೇ ಪೂರ್ತಿ ಬಿಟ್ಟು ಬಂದಿದ್ದಳಂತೆ. ಹಳದಿ ಟೋಪಿ ಗುಂಡಿ ಒತ್ತಿದ.

ಆ ಬೆಕ್ಕಿನ ಕೂಗಿಗೆ ಕಿವಿ ಕೊಟ್ಟು ನಿಂತೆವು. ಅಲ್ಲಿನ ಎದುರು ಕಚೇರಿಯವರೂ ಕಾಫಿ ಲೋಟ ಹಿಡಿದು ಕಿಟಕಿಗೆ ಬಂದು ಕಾದರು. ಏನೂ ಆಗಲಿಲ್ಲ. ನೆಲ ಮೆಲ್ಲನೆ ನಮ್ಮ ಕಾಲ ಕೆಳಗಿನಿಂದ ಸರಿಯಿತು.

ನಾಲ್ಕನೇ ಮಹಡಿ ದಾಟುವಾಗ ಅವಳನ್ನು ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಹೆಲ್ಮೆಟ್ಟು ಕಣ್ಣಿನ ತನಕ ಜಾರಿತ್ತು. ಎರಡು ತಿಂಗಳಲ್ಲಿ ನನ್ನ ಐದನ್ನೂ ಕಳೆದು, ತನ್ನದೇ ಒಂದನ್ನೂ ಸೇರಿಸಿ ಕಳೆದಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ಎದುರಿಗೆ ಕೇಕೂ ಇಲ್ಲದೆ. ನನ್ನಂಥವಳಿಗೆ ಹೀಗಾಗಬಾರದು, ಅದರಲ್ಲೂ ಆ ಎತ್ತರದಲ್ಲಿ. ಅವಳು ಕಂಬಿ ಹಿಡಿದುಕೊಂಡಳು. "ಅಕ್ಕಾ," ಅಂದಳು. ನಾನು ತೋಳಿನಿಂದ ಮುಖ ಒರೆಸಿಕೊಂಡೆ. "ಅಕ್ಕಾ, ಬೈಯಿ. ಬೇಗ." ಬಾಯಿ ತೆರೆದರೆ ಅಳು ಬರುತ್ತದೆಂದು ಗೊತ್ತಿತ್ತು. ಅವಳು ಕಣ್ಣು ಮುಚ್ಚಿ ಕಂಬಿಯನ್ನು ಅಪ್ಪಿಕೊಂಡ ರಭಸಕ್ಕೆ ಹಲಗೆಯಿಡೀ ಗಡಗಡ ಅಂದಿತು. ಆಗ ಅವಳು ಕಣ್ಣು ಬಿಟ್ಟು, ನನ್ನ ಮುಖ ನೋಡಿ, ಜೀವಮಾನದಲ್ಲಿ ಮೊದಲ ಸಲ ನನಗೆ ಬೈದಳು. "ಏನೇ ಮುದುಕಿ! ಇಲ್ಲಿಗೆ ಅಳೋಕೆ ಬಂದ್ಯಾ? ಗಾಜು ಒದ್ದೆ ಮಾಡೋಕೆ ಬಕೆಟ್ ಇಲ್ವಾ? ಎತ್ತು ಆ ರಬ್ಬರು, ನಾನು ಎಷ್ಟು ಹೊತ್ತು ಕಾಯ್ಲಿ?"

ಎತ್ತಿದೆ. ಅವಳು ಎಡದಿಂದ ಬಂದಳು, ನಾನು ಬಲದಿಂದ ಹೋದೆ. ಅವಳು ಇಳಿಯುವ ತನಕ ಬಾಯಿ ಮುಚ್ಚಲಿಲ್ಲ. ಒಮ್ಮೆಯೂ ಕೆಳಗೆ ನೋಡಲಿಲ್ಲ. ಕೆಲವು ಬೈಗುಳ ನನಗೇ ಹೊಸದು. ಮನೆಗೆ ಹೋಗಿ ಗಂಡನ ಮೇಲೆ ಒಂದೆರಡು ಪ್ರಯೋಗಿಸಿ ನೋಡಿದೆ, ಚೆನ್ನಾಗಿವೆ.

ತಮ್ಮ ಬಾಡಿದ ಎಲೆಗೆ ಬೇಗ ಚಿಗುರು ಬರಲೆಂದು ಹಾರೈಸುತ್ತಾ, ನೀಲಿ ಕಟ್ಟಡದ ಗಾಜಿನಲ್ಲಿ ಒಂದೇ ಒಂದು ಗೆರೆ ಉಳಿದಿದ್ದರೆ ಬಂದು ತೋರಿಸಬೇಕೆಂದು ಸವಾಲು ಹಾಕುತ್ತಾ ಮುಗಿಸುತ್ತೇನೆ.

ಇಷ್ಟಾದರೂ ತಮ್ಮನ್ನು ಅಳಿಸಿಹಾಕದ, ಆದರೆ ಬೆರಳನ್ನು ಆ ಗುಂಡಿಯ ಹತ್ತಿರವೇ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಬಲತುದಿಯವಳು

ತಾ.ಕ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ತಮ್ಮ ಸಂದೇಶ ಬಂತು: ಎಷ್ಟೋ ಸಲ ನಮಗೆ ಹಸಿವು ಅನ್ನಿಸುವುದು ನಿಜವಾಗಿ ಬಾಯಾರಿಕೆಯಾಗಿರುತ್ತದೆ, ಒಂದು ಲೋಟ ನೀರು ಕುಡಿಯಿರಿ. ಬಹಳ ಒಳ್ಳೆಯ ಮಾತು. ನಾಳೆ ಶನಿವಾರ, ವಾರಗಿತ್ತಿಯ ಮನೆಯಲ್ಲಿ ಊಟ, ಫೋನು ಮನೆಯಲ್ಲೇ ಇರುತ್ತದೆ. ತಮ್ಮ ಬ್ಯಾಟರಿ ಈಗಾಗಲೇ ಕೆಂಪಗಾಗಿರುವುದನ್ನು ಗಮನಿಸಿದ್ದೇನೆ. ಚಾರ್ಜರು ಹುಡುಕಬೇಡಿ, ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟು ಹೋಗುತ್ತೇನೆ.